ಮೊದಲು ಆಂಪಿಯರ್, ಆಮೇಲೆ ಗ್ಯಾಸ್: ಏಸಿ ಮೆಕ್ಯಾನಿಕ್ ತಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ,

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ನಿಮ್ಮ ಫೋನಿಗೆ ಬಿಡುವಿಲ್ಲ. ಹಗಲು 42, 43 ಡಿಗ್ರಿ. ರಾತ್ರಿ ಹನ್ನೊಂದಾದರೂ ಪಡುವಣ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಏಸಿ ಈಗ ಇಲ್ಲಿ ಶೋಕಿಯ ವಸ್ತುವಾಗಿ ಉಳಿದಿಲ್ಲ. ಮನೆಯಲ್ಲಿ ಬಿಪಿ ಇರುವ ಹಿರಿಯರೋ, ಬಾಣಂತಿಯೋ, ನೀಟ್‌ಗೆ ಓದುವ ಮಗಳೋ ಇದ್ದರೆ ಕಂತು ಕಟ್ಟಿಯಾದರೂ ಒಂದು ಕೋಣೆಗೆ ಹಾಕಿಸುತ್ತಾರೆ. ಹಾಗೆ ಹಾಕಿಸಿದ ಮನೆಗೆ ಕರೆಂಟ್ ಬಿಲ್ ದುಪ್ಪಟ್ಟಾಗಿ ಬಂದಾಗ ಮೊದಲು ಕರೆಯುವುದು ನಿಮ್ಮನ್ನೇ. ನೀವು ಬರುತ್ತೀರಿ, ಗೇಜ್ ಹಚ್ಚುತ್ತೀರಿ, "ಗ್ಯಾಸ್ ಕಮ್ಮಿ ಆಗ್ಯಾದ್ರಿ ಮೇಡಂ, ಹಾಕಬೇಕಾಗ್ತದ" ಅನ್ನುತ್ತೀರಿ. ಎರಡು ಮೂರು ಸಾವಿರ ಕೊಟ್ಟು ಕಳಿಸುತ್ತೇವೆ. ಮುಂದಿನ ತಿಂಗಳೂ ಬಿಲ್ ಅಷ್ಟೇ ಬರುತ್ತದೆ. ಕೆಲವು ಮನೆಗಳಲ್ಲಿ ಇನ್ನೂ ಏರಿರುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ನಿಮ್ಮಲ್ಲಿ ಕೆಲವರು ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಹೋದವರೂ ಇದ್ದೀರಿ. ಉರಿ ಬಿಸಿಲಲ್ಲಿ ಮೂರನೇ ಮಹಡಿಯ ಸಜ್ಜದ ಮೇಲೆ ಹಗ್ಗವಿಲ್ಲದೆ ನಿಂತು ಕೆಲಸ ಮಾಡುವ ನಿಮ್ಮನ್ನು ಊರ ಮುಂದೆ ಬೈಯುವ ಮನಸ್ಸು ನನಗಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಜ್ವರ ಅಂದ ತಕ್ಷಣ ಥರ್ಮಾಮೀಟರ್ ಇಡದೆ ಸಲೈನ್ ಏರಿಸಿದ ಹಾಗೆ, ಬಿಲ್ ಜಾಸ್ತಿ ಅಂದ ತಕ್ಷಣ ಅಳೆಯದೆ ಗ್ಯಾಸ್ ತುಂಬುವ ರೂಢಿ ಬೆಳೆದುಬಿಟ್ಟಿದೆ. ಇದರಿಂದ ಮನೆಯವರಿಗೂ ನಷ್ಟ, ಯಂತ್ರಕ್ಕೂ ನಷ್ಟ, ನಿಮ್ಮ ಹೆಸರಿಗೂ ನಷ್ಟ.

ಏಸಿಯಿಂದ ಬಿಲ್ ಏರುವುದಕ್ಕೆ ಎರಡೇ ದಾರಿ. ಯಂತ್ರ ಓಡುವಾಗ ಹೆಚ್ಚು ಕರೆಂಟ್ ಎಳೆಯುತ್ತಿರಬೇಕು, ಇಲ್ಲವೇ ಎಳೆಯಬೇಕಾದಷ್ಟನ್ನೇ ಎಳೆದು ಹೆಚ್ಚು ಹೊತ್ತು ಓಡುತ್ತಿರಬೇಕು. ಮೀಟರಿನಲ್ಲಿ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ರೋಗ ಮಾತ್ರ ಬೇರೆ ಬೇರೆ. ಹಳೆಯ ಮಾದರಿಯ, ಒಂದೇ ವೇಗದಲ್ಲಿ ಓಡುವ ಏಸಿಯಲ್ಲಿ ಗ್ಯಾಸ್ ಕಮ್ಮಿಯಾದರೆ ಕಂಪ್ರೆಸರ್‌ಗೆ ಒತ್ತಲು ಸರಕೇ ಕಮ್ಮಿ. ಆಗ ಆಂಪಿಯರ್ ಇಳಿಯುತ್ತದೆ. ಕೋಣೆ ತಣ್ಣಗಾಗದೆ ಕಂಪ್ರೆಸರ್ ಕಟ್ ಆಗುವುದೇ ಇಲ್ಲ, ಇಡೀ ರಾತ್ರಿ ಓಡುತ್ತದೆ, ಬಿಲ್ ಏರುತ್ತದೆ. ಅಂದಮೇಲೆ ಕ್ಲ್ಯಾಂಪ್ ಮೀಟರ್ ಪ್ಲೇಟಿನ ಮೇಲಿನ ಅಂಕಿಗಿಂತ ತೀರಾ ಹೆಚ್ಚು ಆಂಪಿಯರ್ ತೋರಿಸುತ್ತಿರುವಾಗ "ಗ್ಯಾಸ್ ಕಮ್ಮಿ" ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಅಂಥ ಯಂತ್ರಕ್ಕೆ ಇನ್ನಷ್ಟು ಗ್ಯಾಸ್ ಹಾಕಿದರೆ ಒತ್ತಡ ಏರಿ ಅದು ಇನ್ನೂ ಹೆಚ್ಚು ಎಳೆಯುತ್ತದೆ.

ನಮ್ಮ ಪಕ್ಕದ ಮನೆಯ ಕಾಕಾನ ಏಸಿಗೆ ಆದದ್ದು ಇದೇ. ಒಂದೂವರೆ ಟನ್ನಿನ ಹಳೆಯ ಮಾದರಿ. ಪ್ಲೇಟಿನ ಮೇಲೆ 7.2 ಆಂಪಿಯರ್ ಎಂದಿತ್ತು. ಅದೇ ಬೇಸಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಗ್ಯಾಸ್ ಹಾಕಿಸಿದ್ದರು. ಕೊನೆಗೆ ಬಂದ ಹುಡುಗ ಮಾತು ಕಡಿಮೆ ಆಡುವವನು. ಸಿಲಿಂಡರ್ ಗಾಡಿಯ ಮೇಲೆಯೇ ಬಿಟ್ಟು ಮೊದಲು ಕ್ಲ್ಯಾಂಪ್ ಮೀಟರ್ ತೆಗೆದ. ಕೇಬಲ್ಲಿನ ಹೊರಕವಚ ಸರಿಸಿ ಫೇಸ್ ವೈರ್ ಒಂದನ್ನೇ ಬೇರ್ಪಡಿಸಿ ಅದರ ಸುತ್ತ ಹಚ್ಚಿದ. ಎರಡೂ ವೈರ್ ಸೇರಿಸಿ ಹಚ್ಚಿದರೆ ಮೀಟರ್ ಸೊನ್ನೆ ತೋರಿಸುತ್ತದೆ, ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿಹಾಕುತ್ತವೆ. ಅಂಕಿ 10 ದಾಟಿತ್ತು. ಆಮೇಲೆ ಹೊರಗಿನ ಪೆಟ್ಟಿಗೆ ನೋಡಲು ಹೋದ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಅದು ಕೂತಿತ್ತು. ಮಳೆ ಬೀಳಬಾರದೆಂದು ಕಾಕಾ ಮೇಲೆ ತಗಡು ಹೊದಿಸಿದ್ದರು, ಕಳ್ಳರ ಭಯಕ್ಕೆ ಮುಂದೆ ಸಣ್ಣ ಕಿಂಡಿಯ ಜಾಲರಿ ಹಾಕಿಸಿದ್ದರು. ಆ ಹುಡುಗ ಥರ್ಮಾಮೀಟರ್ ಹಿಡಿದ. ಬೀದಿಯ ನೆರಳಿನಲ್ಲಿ 41 ಡಿಗ್ರಿ. ಕಾಯಿಲ್ ಗಾಳಿ ಎಳೆದುಕೊಳ್ಳುವ ಹಿಂಭಾಗದಲ್ಲಿ 52.

ಒಂದೂವರೆ ಟನ್ ಏಸಿ ಒಳಗಿನಿಂದ ಎತ್ತುವ ಶಾಖ ಸುಮಾರು 5.2 ಕಿಲೋವ್ಯಾಟ್. ಅದಕ್ಕೆ ಕಂಪ್ರೆಸರ್ ತಾನು ತಿಂದ ಒಂದೂವರೆ ಕಿಲೋವ್ಯಾಟ್ ಸೇರಿಸಿ. ಹೊರಗಿನ ಪೆಟ್ಟಿಗೆ ಓಡುವ ಪ್ರತಿ ಕ್ಷಣವೂ ಹತ್ತಿರ ಹತ್ತಿರ 7 ಕಿಲೋವ್ಯಾಟ್ ಶಾಖವನ್ನು ಗಾಳಿಗೆ ಬಿಡಬೇಕು. ಮೂರು ಗೀಜರ್‌ಗಳನ್ನು ಒಟ್ಟಿಗೆ ಹಚ್ಚಿದರೆ ಆಗುವಷ್ಟು ಬಿಸಿ ಅದು. ಅಷ್ಟನ್ನು ಮೂರಡಿ ಸಂದಿಯಲ್ಲಿ, ತಗಡಿನ ಕೆಳಗೆ, ಜಾಲರಿಯ ಹಿಂದೆ ಕೂಡಿಹಾಕಿದರೆ ಯಂತ್ರ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹೊರಗಿನ ಗಾಳಿ ಬಿಸಿಯಾದಷ್ಟೂ ಕಂಪ್ರೆಸರ್ ಗ್ಯಾಸನ್ನು ಹೆಚ್ಚು ಒತ್ತಡಕ್ಕೆ ಒತ್ತಬೇಕು. ಒತ್ತಡ ಏರಿದಷ್ಟೂ ಆಂಪಿಯರ್ ಏರುತ್ತದೆ, ತಂಪು ಇಳಿಯುತ್ತದೆ. ಅದರ ಮೇಲೆ ಅಳತೆ ಮೀರಿ ಹಾಕಿದ ಗ್ಯಾಸ್ ಬೇರೆ.

ಹುಡುಗ ತಗಡು ಬಿಚ್ಚಿಸಿದ, ಜಾಲರಿ ತೆಗೆಸಿದ. ಕಾಯಿಲಿನ ರೆಕ್ಕೆಗಳ ನಡುವೆ ಕುಳಿತಿದ್ದ ಧೂಳನ್ನು ಒಳಗಿನಿಂದ ಹೊರಕ್ಕೆ, ಸಣ್ಣ ಧಾರೆಯ ನೀರಿನಲ್ಲಿ, ರೆಕ್ಕೆ ಬಾಗದಂತೆ ತೊಳೆದ. ಇದ್ದ ಗ್ಯಾಸ್ ಪೂರ್ತಿ ಹೊರತೆಗೆದು ಬೇರೆ ಸಿಲಿಂಡರಿಗೆ ತುಂಬಿದ, ವ್ಯಾಕ್ಯೂಮ್ ಪಂಪ್ ಓಡಿಸಿದ, ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಂ ತಕ್ಕಡಿಯ ಮೇಲಿಟ್ಟು ಹಾಕಿದ. ಆ ಮಧ್ಯಾಹ್ನ ಕ್ಲ್ಯಾಂಪ್ ಮೀಟರ್ 7.8 ತೋರಿಸಿತು. ಪ್ಲೇಟಿನ ಅಂಕಿಗಿಂತ ಸ್ವಲ್ಪ ಹೆಚ್ಚು ಅಂತ ಕಾಕಾ ಕೇಳಿದ್ದಕ್ಕೆ, ಪ್ಲೇಟಿನ ಅಂಕಿ ಹೊರಗೆ 35 ಡಿಗ್ರಿ ಇದ್ದಾಗಿನದು, ಇವತ್ತು 41 ಇದೆ, ಇಷ್ಟು ಇರುವುದೇ ಅಂದ. ಸರಿಯಾದ ಉತ್ತರ. ಆ ಹುಡುಗನ ಕೈಗೆ ನಾನು ನಮಸ್ಕಾರ ಮಾಡುತ್ತೇನೆ.

ಕಾಕಾನ ಯಂತ್ರ ಸುಮ್ಮನೆ ತಿನ್ನುತ್ತಿದ್ದದ್ದು ಅರ್ಧ ಕಿಲೋವ್ಯಾಟ್. ದಿನಕ್ಕೆ 8 ಗಂಟೆ ಲೆಕ್ಕ ಹಿಡಿದರೂ ತಿಂಗಳಿಗೆ 120 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. 150ರ ಆಸುಪಾಸಿನಲ್ಲಿರುವ ಮನೆಯನ್ನು 200ರ ಆಚೆ ತಳ್ಳುವುದಕ್ಕೆ ಇಂಥ ಒಂದು ತಗಡಿನ ತುಂಡು, ಒಂದು ಮುಷ್ಟಿ ಧೂಳು ಸಾಕು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ.

ಏಸಿಗೆ ಕೈ ಹಚ್ಚುವ ಮೊದಲು ತಪ್ಪು ಏಸಿಯದೇ ಹೌದೋ ಅನ್ನುವುದನ್ನೂ ನೋಡಿ. ಇದಕ್ಕೆ ಯಾವ ಉಪಕರಣವೂ ಬೇಡ. ಮನೆಯ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಣುಕಬೇಕೆಂಬುದು ಅಲ್ಲೇ ಅಚ್ಚಾಗಿರುತ್ತದೆ. ಬಹಳಷ್ಟು ಮೀಟರುಗಳಲ್ಲಿ ಅದು 3200. ಮನೆಯ ಉಳಿದ ಎಲ್ಲ ಸ್ವಿಚ್ ಆರಿಸಿ, ಏಸಿ ಒಂದನ್ನೇ ಬಿಟ್ಟು, ಒಂದು ನಿಮಿಷ ಎಣಿಸಿ. 80 ಸಲ ಮಿಣುಕಿದರೆ ಏಸಿ ಒಂದೂವರೆ ಕಿಲೋವ್ಯಾಟ್ ಎಳೆಯುತ್ತಿದೆ. ಆಮೇಲೆ ಏಸಿಯನ್ನೂ ಆರಿಸಿ. ದೀಪ ಇನ್ನೂ ಬೇಗ ಬೇಗ ಮಿಣುಕುತ್ತಿದ್ದರೆ ಕರೆಂಟ್ ಇನ್ನೆಲ್ಲೋ ಹೋಗುತ್ತಿದೆ: ಆಫ್ ಮಾಡಲು ಮರೆತ ಗೀಜರ್ ಇರಬಹುದು, ಬೋರಿನ ಮೋಟಾರ್ ಇರಬಹುದು, ಹಸಿ ಗೋಡೆಯಲ್ಲಿ ವೈರ್ ಲೀಕ್ ಆಗುತ್ತಿರಬಹುದು. ಗೋಡೆಯ ಲೀಕೇಜ್ ಆದರೆ ಬಿಲ್ಲಿನ ಮಾತು ಆಮೇಲೆ, ಮೊದಲು ಅದು ಜೀವಕ್ಕೆ ಅಪಾಯ. ಮನೆಯವರಿಗೆ ತಕ್ಷಣ ಹೇಳಿ.

ವೋಲ್ಟೇಜನ್ನು ಮರೆಯಬೇಡಿ. ಬೇಸಿಗೆಯ ರಾತ್ರಿ ಒಂಬತ್ತು ಗಂಟೆಗೆ ಇಡೀ ಓಣಿಯ ಏಸಿಗಳು ಒಟ್ಟಿಗೆ ಓಡುವಾಗ ಕೊನೆಯ ಕಂಬದ ಮನೆಗೆ 230 ಸಿಗುವುದು ಕಷ್ಟ. ಮೋಟಾರ್ ಮಾಡಬೇಕಾದ ಕೆಲಸ ಅಷ್ಟೇ ಇರುತ್ತದೆ, ವೋಲ್ಟೇಜ್ ಬಿದ್ದರೆ ಆಂಪಿಯರ್ ಏರಿಸಿಕೊಂಡು ಮಾಡುತ್ತದೆ, ಒಳಗಿನ ತಾಮ್ರದ ಸುರುಳಿ ಕಾಯುತ್ತದೆ. ಹಗಲು ಹನ್ನೊಂದಕ್ಕೆ ಬಂದು ಎಲ್ಲ ಸರಿಯಿದೆ ಎಂದು ಹೋದ ಮೆಕ್ಯಾನಿಕ್‌ಗೆ ಇದು ಕಾಣುವುದೇ ಇಲ್ಲ. ಹಾಗೆಯೇ ರನ್ ಕೆಪಾಸಿಟರ್. ಮೈಮೇಲೆ 50 ಮೈಕ್ರೋಫ್ಯಾರಡ್ ಎಂದು ಬರೆದಿದ್ದು ಅಳೆದರೆ 38 ಬಂದರೆ ಅದನ್ನು ಬದಲಿಸಿ. ಅದಕ್ಕೆ ತಗಲುವುದು ಕೆಲವು ನೂರು ರೂಪಾಯಿ. ಫ್ಯಾನಿನ ಕೆಪಾಸಿಟರ್ ಸೊರಗಿದ್ದರೆ ಹೊರಗಿನ ಫ್ಯಾನ್ ತಿರುಗುತ್ತಿದೆ ಅನ್ನಿಸುತ್ತದೆ, ಆದರೆ ನಿಧಾನ, ಶಾಖ ಹೋಗುವುದಿಲ್ಲ. ಟರ್ಮಿನಲ್ಲಿನ ಸ್ಕ್ರೂ ಸಡಿಲಾಗಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಯೂ ಕರೆಂಟ್ ಶಾಖವಾಗಿ ಸುಟ್ಟುಹೋಗುತ್ತಿದೆ, ಮುಂದೊಂದು ದಿನ ಬೆಂಕಿಯೂ ಹತ್ತಬಹುದು.

ಇನ್ವರ್ಟರ್ ಏಸಿಗೆ ಲೆಕ್ಕ ಸ್ವಲ್ಪ ಬೇರೆ. ಅದು ಮೊದಲು ಜೋರಾಗಿ ಓಡಿ, ಕೋಣೆ ತಣ್ಣಗಾದಂತೆ ವೇಗ ಇಳಿಸಿಕೊಂಡು 400, 500 ವ್ಯಾಟಿಗೆ ಬಂದು ನಿಲ್ಲಬೇಕು. ಹಚ್ಚಿದ ಐದೇ ನಿಮಿಷಕ್ಕೆ ಆಂಪಿಯರ್ ನೋಡಿ ತೀರ್ಪು ಕೊಡುವುದು ತಪ್ಪು. ಬಾಗಿಲು ಹಾಕಿ, 25ಕ್ಕೆ ಇಟ್ಟು, ಒಂದು ಗಂಟೆ ಬಿಟ್ಟು ನೋಡಿ. ಆಗಲೂ ವೇಗ ಇಳಿಯದಿದ್ದರೆ ಗ್ಯಾಸ್ ಕಮ್ಮಿಯಿರಬಹುದು, ಫಿಲ್ಟರ್ ಕಟ್ಟಿರಬಹುದು, ಕೋಣೆಗೆ ಯಂತ್ರ ಸಾಲದೇ ಇರಬಹುದು. ಒಳಗಿನ ಪೆಟ್ಟಿಗೆ ಮೇಲಿನಿಂದ ಎಳೆದುಕೊಳ್ಳುವ ಗಾಳಿಗೂ ಕೆಳಗೆ ಬಿಡುವ ಗಾಳಿಗೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರುತ್ತದೆ. ಅದು ಸರಿಯಿದ್ದು, ಗಾಳಿಯೂ ರಭಸವಾಗಿ ಬರುತ್ತಿದ್ದರೆ ಯಂತ್ರದ ತಪ್ಪು ಹುಡುಕುವುದು ಬಿಟ್ಟು ಕೋಣೆ ನೋಡಿ.

ಗ್ಯಾಸಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಾಮ್ರದ ಕೊಳವೆಯೊಳಗೆ ಮುಚ್ಚಿಕೊಂಡು ಸುತ್ತುತ್ತದೆ, ಅಷ್ಟೇ. ಕಮ್ಮಿಯಾಗಿದೆ ಅಂದರೆ ಸೋರಿದೆ. ಸೋರಿದ ಜಾಗ ಹುಡುಕದೆ ಮೇಲಿಂದ ತುಂಬಿದರೆ ಮತ್ತೆ ಸೋರುತ್ತದೆ. ಫ್ಲೇರ್ ನಟ್ಟಿನ ಸುತ್ತ ಎಣ್ಣೆಯ ಪಸೆ ಇದೆಯೇ ನೋಡಿ, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಅನುಮಾನವಿದ್ದರೆ ನೈಟ್ರೋಜನ್ ಒತ್ತಿ ಪರೀಕ್ಷಿಸಿ. ಚರಂಡಿಯ ಪಕ್ಕದ ಮನೆಗಳಲ್ಲಿ ಅಲ್ಲಿನ ಅನಿಲವೇ ತಾಮ್ರವನ್ನು ತಿಂದು ಕಾಯಿಲಿಗೆ ಸೂಜಿಮೊನೆಯಂಥ ತೂತು ಮಾಡುತ್ತದೆ. ಇದ್ದದ್ದನ್ನು ಹೇಳಿ, ಮನೆಯವರು ಕಾಯಿಲ್ ಬದಲಿಸುವುದೋ ಯಂತ್ರ ಬದಲಿಸುವುದೋ ತೀರ್ಮಾನ ಮಾಡಿಕೊಳ್ಳುತ್ತಾರೆ.

ಬರೀ ಗೇಜಿನ ಮುಳ್ಳು ನೋಡಿ ಗ್ಯಾಸ್ ಹಾಕುವುದು ಆರ್22 ಕಾಲದ ರೂಢಿ. ಆರ್32ರ ಒತ್ತಡ ಅದಕ್ಕಿಂತ ಬಹಳ ಹೆಚ್ಚು, ಅದೂ ಹೊರಗಿನ ಬಿಸಿಗೆ ತಕ್ಕಂತೆ ಬದಲಾಗುತ್ತದೆ. ಇನ್ವರ್ಟರಿನಲ್ಲಿ ಕಂಪ್ರೆಸರಿನ ವೇಗವೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಮುಳ್ಳನ್ನು ನಂಬಿ ಗ್ಯಾಸ್ ಹಾಕುವುದು ಊಹೆಯ ಮೇಲೆ ಹಾಕಿದಂತೆಯೇ. ತಕ್ಕಡಿ ಒಂದೇ ಸರಿಯಾದ ಸಾಕ್ಷಿ. ವ್ಯಾಕ್ಯೂಮ್ ಮಾಡದೆ ಗ್ಯಾಸಿನಿಂದಲೇ ಗಾಳಿ ಹೊರದಬ್ಬುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಕೊಳವೆಯೊಳಗೆ ಉಳಿದ ಗಾಳಿ ಎಂದೂ ದ್ರವವಾಗುವುದಿಲ್ಲ, ಹೊರಗಿನ ಕಾಯಿಲಿನಲ್ಲಿ ಜಾಗ ಹಿಡಿದು ಕೂತು ಒತ್ತಡ ಏರಿಸುತ್ತದೆ, ಮತ್ತೆ ಆಂಪಿಯರ್. ಜೊತೆಗೆ ಸೇರಿದ ತೇವ ಎಣ್ಣೆಯನ್ನು ಹುಳಿ ಮಾಡಿ ಕಂಪ್ರೆಸರಿನ ಆಯುಸ್ಸು ತಿನ್ನುತ್ತದೆ. ಆರ್32 ಬೆಂಕಿ ಹತ್ತುವ ಗುಣವಿರುವ ಗ್ಯಾಸ್ ಕೂಡ. ಮುಚ್ಚಿದ ಕೋಣೆಯಲ್ಲಿ ಬಿಟ್ಟು ಪಕ್ಕದಲ್ಲೇ ಬ್ರೇಜಿಂಗ್ ಮಾಡಬೇಡಿ, ನಿಮಗಾಗಿ ಕಾಯುವವರು ಮನೆಯಲ್ಲಿದ್ದಾರೆ. ಸುಮ್ಮನೆ ಗಾಳಿಗೆ ಬಿಟ್ಟ ಒಂದು ಕಿಲೋ ಆರ್32, ನೂರು ವರ್ಷದ ಲೆಕ್ಕದಲ್ಲಿ, 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಈ ಗುಂಪಿನ ಅನಿಲಗಳನ್ನು ಇಳಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ಆದ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಏಪ್ರಿಲ್ಲಿನ ಈ ಬಿಸಿಲನ್ನು ನಮಗಿಂತ ಹೆಚ್ಚು ತಿನ್ನುವವರು ನೀವು.

ಈಗ ಮನೆಯವರ ಕಡೆಯ ಮಾತು. ಈ ಪತ್ರ ಅವರೂ ಓದುತ್ತಾರೆ, ಓದಬೇಕು.

ನಮ್ಮ ಕಡೆ ಮನೆಮನೆಯಲ್ಲಿ ಕಿಟಕಿಗೆ ಹಚ್ಚಿದ ಕೂಲರ್ ಇದೆ. ಏಸಿ ಬಂದ ಮೇಲೂ ಬಹಳ ಜನ ಎರಡನ್ನೂ ಒಟ್ಟಿಗೆ ಓಡಿಸುತ್ತಾರೆ, ತಂಪು ಹೆಚ್ಚಾಗಲಿ ಎಂದು. ಕಿಟಕಿಯ ಕೂಲರ್ ಮಾಡುವ ಕೆಲಸವೇ ಹೊರಗಿನ ಗಾಳಿಯನ್ನು ಒದ್ದೆ ಮಾಡಿ ಒಳಗೆ ನುಗ್ಗಿಸುವುದು. ಏಸಿ ಆ ಹೊಸ ಗಾಳಿಯನ್ನೂ ತಣಿಸಬೇಕು, ಅದರಲ್ಲಿರುವ ನೀರನ್ನೂ ಹಿಂಡಿ ಪೈಪಿನಿಂದ ಹೊರಗೆ ಬಿಡಬೇಕು. ಒಂದು ಲೀಟರ್ ಆವಿಯನ್ನು ನೀರು ಮಾಡಲು ಏಸಿ ಎತ್ತಬೇಕಾದ ಶಾಖ ಸುಮಾರು 0.68 ಯೂನಿಟ್. ಕೂಲರ್ ತೊಟ್ಟಿಗೆ ಕೊಡಗಟ್ಟಲೆ ನೀರು ಸುರಿಯುವವರು ಲೆಕ್ಕ ಹಾಕಿಕೊಳ್ಳಲಿ. ಇದರ ಮೇಲೆ ಮೈ ಅಂಟಂಟು ಅನ್ನಿಸಿ ರಿಮೋಟ್ ಹಿಡಿದು 18ಕ್ಕೆ ಇಳಿಸುತ್ತಾರೆ. ಏಸಿ ಓಡುವಾಗ ಕೂಲರ್ ನಿಲ್ಲಿಸಿ, ಅದರ ಕಿಂಡಿಗೆ ದಪ್ಪ ರಟ್ಟು ಮುಚ್ಚಿ, ಸೀಲಿಂಗ್ ಫ್ಯಾನನ್ನು ನಿಧಾನವಾಗಿ ಬಿಟ್ಟು 25, 26ಕ್ಕೆ ಇಡಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುವಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ. 2020ರಿಂದ ಬರುತ್ತಿರುವ ಸ್ಟಾರ್ ಏಸಿಗಳು ಹಚ್ಚಿದ ಕೂಡಲೇ 24ರಲ್ಲಿ ಶುರುವಾಗುವುದೂ ಅದಕ್ಕೇ.

ಮೇಲಿನ ಮಹಡಿಯವರ ಶತ್ರು ತಾರಸಿ. ಹಗಲಿಡೀ ಕಾದ ಕಾಂಕ್ರೀಟು ಆ ಬಿಸಿಯನ್ನು ಮಧ್ಯರಾತ್ರಿಯವರೆಗೂ ಕೋಣೆಯೊಳಗೆ ಇಳಿಸುತ್ತಲೇ ಇರುತ್ತದೆ. ಬೇಸಿಗೆಗೆ ಮುಂಚೆ ತಾರಸಿಗೆ ದಪ್ಪನಾಗಿ ಬಿಳಿ ಸುಣ್ಣ ಬಳಿಸಿದರೆ ಅಲ್ಲಿ ಬಿದ್ದ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಖರ್ಚು ಒಂದು ಸಲ ಗ್ಯಾಸ್ ಹಾಕಿಸಿದಷ್ಟೂ ಆಗಲಿಕ್ಕಿಲ್ಲ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿದು ತೊಳೆಯುವುದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಸ್ಟಾರ್ ಚೀಟಿಯ ಮೇಲಿನ ವರ್ಷದ ಯೂನಿಟ್ ನೋಡಿ, ನಮ್ಮದು ಅದಕ್ಕಿಂತ ಹೆಚ್ಚು ಬಂತಲ್ಲ ಎಂದು ಜಗಳಕ್ಕೆ ಹೋಗುವವರಿಗೂ ಒಂದು ಮಾತು: ಆ ಲೆಕ್ಕ ವರ್ಷಕ್ಕೆ 1600 ಗಂಟೆಗೆ ಮಾಡಿದ್ದು. ಕಲಬುರಗಿಯಲ್ಲಿ ದಿನಕ್ಕೆ 14 ಗಂಟೆಯಂತೆ ನಾಲ್ಕು ತಿಂಗಳು ಓಡಿಸಿದರೆ ಅದು ಅಲ್ಲಿಗೇ ಮುಗಿಯಿತು.

ತಮ್ಮಂದಿರೇ, ನೀವು ಯಾಕೆ ಅಳೆಯುವುದಿಲ್ಲ ಎಂಬುದೂ ನನಗೆ ಗೊತ್ತು. ಅಳೆದದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಒಂದು ಗಂಟೆ ಕೂತು ಸಡಿಲಾದ ಸ್ಕ್ರೂ ಹುಡುಕಿ ಬಿಗಿಮಾಡಿ ಐನೂರು ಕೇಳಿದರೆ "ಸ್ಕ್ರೂ ತಿರುಗಿಸಿದ್ದಕ್ಕೆ ಇಷ್ಟ್ಯಾಕ?" ಅನ್ನುತ್ತಾರೆ. ಅದೇ ಹತ್ತು ನಿಮಿಷದಲ್ಲಿ ಗ್ಯಾಸ್ ಹಾಕಿ ಎರಡೂವರೆ ಸಾವಿರ ಕೇಳಿದರೆ ಮಾತಾಡದೆ ಕೊಡುತ್ತಾರೆ. ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂಬ ಒತ್ತಡ ಬೇರೆ ನಿಮ್ಮ ಮೇಲಿದೆ. ಈ ತಪ್ಪಿನಲ್ಲಿ ದೊಡ್ಡ ಪಾಲು ನಿಮ್ಮನ್ನು ಕರೆಸುವ ನಮ್ಮದೇ. ಆದ್ದರಿಂದ ಮನೆಯವರಲ್ಲಿ ನನ್ನ ವಿನಂತಿ: ರೋಗ ಹುಡುಕಿದ್ದಕ್ಕೆ ಹಣ ಕೊಡಿ, ಚೌಕಾಸಿ ಮಾಡಬೇಡಿ. ಸಜ್ಜದ ಮೇಲೆ ಇಳಿಯುವ ಹುಡುಗ ಸೊಂಟಕ್ಕೆ ಬೆಲ್ಟ್ ಕಟ್ಟದಿದ್ದರೆ ಕೆಲಸ ನಿಲ್ಲಿಸಿ, ನಾಳೆ ತಂದು ಮಾಡು ಅನ್ನಿ. ಒಂದು ರಾತ್ರಿ ಸೆಕೆಯಲ್ಲಿ ಮಲಗಿದರೆ ನಡೆಯುತ್ತದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಬಿಲ್ ಜಾಸ್ತಿ ಎಂದು ಕರೆದ ಮನೆಗೆ ಹೋದಾಗ ರಸೀದಿಯ ಮೇಲೆ ಬರೀ "ಗ್ಯಾಸ್ ಚಾರ್ಜಿಂಗ್" ಎಂದು ಬರೆಯಬೇಡಿ. ಬಂದಾಗ ವೋಲ್ಟೇಜ್ ಎಷ್ಟು, ಆಂಪಿಯರ್ ಎಷ್ಟು, ಹೋಗುವಾಗ ಎಷ್ಟು, ಗ್ಯಾಸ್ ಹಾಕಿದ್ದರೆ ಎಷ್ಟು ಗ್ರಾಂ, ಸೋರಿದ್ದು ಎಲ್ಲಿ ಎಂದು ಬರೆದು ಸಹಿ ಮಾಡಿ ಕೊಡಿ. ಆ ಚೀಟಿಯನ್ನು ಮನೆಯವರು ಏಸಿಯ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಲಿ, ಮುಂದಿನ ವರ್ಷ ಬರುವವನಿಗೆ ಅದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಕ್ಲ್ಯಾಂಪ್ ಮೀಟರ್ ಹಿಡಿಯುವುದು, ತಕ್ಕಡಿಯಲ್ಲಿ ತೂಗಿ ಗ್ಯಾಸ್ ಹಾಕುವುದು ಕಲಿಯಬೇಕೆನ್ನುವವರು ಯಾರೇ ಇರಲಿ, ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ಚಹಾ ನನ್ನದು, ಲೆಕ್ಕ ಹೇಳಿಕೊಡುವುದೂ ನನ್ನದು. ಕಾಕಾನ ಏಸಿ ಸರಿಮಾಡಿದ ಹುಡುಗ ಕೈಕೆಲಸ ತೋರಿಸಲು ಒಪ್ಪಿದ್ದಾನೆ.

ಇಂತಿ,
ನಿಮ್ಮ ಅಕ್ಕ